ಕಾಟಿ ಬಿತ್ತು, ಸೈಕಲ್ಲು ಅಡ್ಡ ಬಂತು

ಜನವರಿ ೧೭, ಶುಕ್ರವಾರ

ಭಾನುವಾರ ಭದ್ರಾವತಿಯಲ್ಲಿ ‘ಮುರಿಗೊಂಬಿನ ಕಾಟಿ’ ಕಾದಂಬರಿಯ ಚರ್ಚೆ. ನಮ್ಮ ಓದುಗರ ಬಳಗಕ್ಕೆ ನಾನು ಸಂಚಾಲಕಿ ಅನ್ನುವುದು ಹೆಸರಿಗೆ. ಕೆಲಸದಲ್ಲಿ ಕುರ್ಚಿ ಹಾಕಿಸುವವಳು, ಟೀಗೆ ಹೇಳುವವಳು, ಬಂದೇ ಬರ್ತೀನಿ ಅಂದು ಬಾರದವರಿಗೆ ಫೋನ್ ಮಾಡಿ ಗಂಟಲು ಹರಿದುಕೊಳ್ಳುವವಳು. ಇಡೀ ದಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಬಂದವಳಿಗೆ ಇದೆಲ್ಲ ಯಾಕೆ ಬೇಕು ಅಂತ ನಮ್ಮ ಯಜಮಾನರು ಪರಮೇಶ್ವರಪ್ಪನವರು ಕೇಳುತ್ತಾರೆ. ಇವರಿಗೆ ಪಂಪ್‌ಸೆಟ್ ಅಂಗಡಿಯಾಯಿತು, ಪೇಪರಿನ ಅಡಿಕೆ ಧಾರಣೆಯಾಯಿತು. ಪುಸ್ತಕ ಕಂಡರೆ ಆಕಳಿಕೆ.

ಕಾದಂಬರಿ ಬರೆದ ಮಧುಸೂದನ ರಾಯರು ಇಲ್ಲೇ ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿರುವವರು. ಜೀವಮಾನದಲ್ಲಿ ಕೋವಿ ಮುಟ್ಟಿದವರಲ್ಲ, ಏಕಾದಶಿಗೆ ನೀರು ಸಹ ಲೆಕ್ಕ ಹಾಕಿ ಕುಡಿಯುವವರು. ಚಿಕ್ಕಂದಿನಲ್ಲಿ ಸಕ್ರೆಬೈಲಿನ ಕಡೆ ಅವರ ತಂದೆಗೆ ಮೇಷ್ಟರ ಕೆಲಸವಿತ್ತಂತೆ. ಅಲ್ಲಿ ಶಿಕಾರಿಯವರ ಮಾತು ಕೇಳುತ್ತ ಬೆಳೆದದ್ದು. ಅಷ್ಟರಿಂದಲೇ ಎಂಥಾ ಬೇಟೆ ಸಾಹಸ ಬರೆದಿದ್ದಾರೆ ಅಂದರೆ, ಮದ್ದಿನ ವಾಸನೆ ನಮ್ಮ ಅಡುಗೆಮನೆಗೆ ಬರುತ್ತದೆ. ಮಾಂಸ ಬೇಯುವ ಮನೆಯ ಮುಂದೆ ಮೂಗು ಮುಚ್ಚಿಕೊಂಡು ಹೋಗುವ ನಾನು ಕಾಟಿಯ, ಅಂದರೆ ಕಾಡುಕೋಣದ, ಬೇಟೆಯ ಅಧ್ಯಾಯವನ್ನು ಮತ್ತೆ ಮತ್ತೆ ಓದಿದ್ದೇನೆ. ಇದಕ್ಕೇನು ಹೇಳಬೇಕೋ ಗೊತ್ತಿಲ್ಲ.

ರಾಯರನ್ನು ನಾನೇ ನನ್ನ ಕಾರಿನಲ್ಲಿ ಕರೆದುಕೊಂಡು ಹೋಗಿ ಬರುವುದು ಅಂತ ಆಗಿದೆ. ‘ಡ್ರೈವರ್ ಕಳಿಸ್ತೀನಿ’ ಅಂದರು ಇವರು. ಐವತ್ತು ದಾಟಿದ ಮೇಲೆ ಕಲಿತರೂ ನಾನೇನು ಕೆಟ್ಟದಾಗಿ ಓಡಿಸುವುದಿಲ್ಲ. ಬೇಡ ಅಂದೆ.

ಜನವರಿ ೧೯, ಭಾನುವಾರ

ಚರ್ಚೆ ಚೆನ್ನಾಗಿ ಆಯಿತು. ಬರುವಾಗ ಮಾಚೇನಹಳ್ಳಿ ಹತ್ತಿರ ಸೈಕಲ್ಲೊಂದು ಅಡ್ಡ ಬಂತು. ಶಿವ ದೊಡ್ಡವನು, ಜೀವಕ್ಕೆ ಏನೂ ಆಗಿಲ್ಲ.

ಜನವರಿ ೨೦, ಸೋಮವಾರ

ಸ್ಕೂಲಿಗೆ ರಜೆ ಹಾಕಿದೆ. ಇವರು ಬೆಳಗ್ಗೆಯಿಂದ ಫೋನಿನಲ್ಲೇ ಇದ್ದಾರೆ. ನನ್ನನ್ನು ಮಲಗು ಅಂತಾರೆ, ನಿದ್ದೆ ಬಂದರೆ ತಾನೇ. ನಿನ್ನೆಯದನ್ನು ಕ್ರಮವಾಗಿ ಬರೆದರೆ ತಲೆ ತಿಳಿಯಾಗಬಹುದು.

ಚರ್ಚೆಗೆ ಜನ ಸೇರಿದ್ದರು. ಮೊದಲು ಮೆಡಿಕಲ್ ಶಾಪಿನ ಜ್ಞಾನೇಶ್ ಎದ್ದು, ಕಥೆಯ ನಾಯಕ ಬೆಳ್ಳಿಗೌಡ ಕಾಟಿ ಹೊಡೆದದ್ದು ತಪ್ಪೇ ಅಲ್ಲ ಅಂತ ವಾದಿಸಿದ. ‘ಗದ್ದೆಗೆ ನುಗ್ಗಿ ಇಬ್ಬರು ಆಳುಗಳನ್ನ ತುಳಿದು ಹಾಕಿದ ಪ್ರಾಣಿ ಅದು. ಆಗ ಈಗಿನ ಹಾಗೆ ಕಾನೂನೂ ಇರ್ಲಿಲ್ಲ.’ ಹಿಂದಿನ ಸಾಲಿನಿಂದ ಕಾರ್ಖಾನೆಯಲ್ಲಿ ರಿಟೈರಾದ ಒಬ್ಬ ಹಿರಿಯರು, ‘ಕಾಟಿ ಗದ್ದೆಗೆ ಬಂತಾ, ಗದ್ದೆ ಕಾಡಿಗೆ ಹೋಯ್ತಾ, ಅದು ಮೊದ್ಲು ಹೇಳಿ ಸಾರ್’ ಅಂದರು. ಎಲ್ಲರೂ ನಕ್ಕರು. ರಾಯರಿಗೂ ಖುಷಿ.

ಆಮೇಲೆ ಸುಷ್ಮಾ ಎದ್ದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಭದ್ರಾವತಿಯಲ್ಲೇ ಟೀಚರು. ಪುಸ್ತಕದ ತುಂಬ ಪೆನ್ಸಿಲ್ ಗೆರೆ.

‘ಸರ್, ನಿಮ್ಮ ಪುಸ್ತಕದಲ್ಲಿ ಈಡು ಹಾರುತ್ತೆ. ಗುಂಡು ತಗಲುತ್ತೆ. ಕಡವೆ ಬೀಳುತ್ತೆ, ಹಂದಿ ಬೀಳುತ್ತೆ, ಕೊನೆಗೆ ಕಾಟಿ ಬೀಳುತ್ತೆ. ಬೆಳ್ಳಿಗೌಡ ಒಂದನ್ನೂ ಕೊಲ್ಲೋದೇ ಇಲ್ಲ. ಎಲ್ಲಾ ಅವವೇ ಬೀಳ್ತವೆ. ಹಾಗಾದ್ರೆ ಕೊಂದೋರು ಯಾರು ಸರ್?’

ರಾಯರು ಶಾಂತವಾಗೇ ಹೇಳಿದರು. ‘ಶಿಕಾರಿಯವರ ಮಾತೇ ಹಾಗಮ್ಮ. ಕೊಂದೆ ಅಂತ ಅವರು ಬಾಯಲ್ಲಿ ಅನ್ನೋದಿಲ್ಲ. ಅಂದ್ರೆ ಕಾಡು ಮುನಿಯುತ್ತೆ ಅಂತ. ಬಿತ್ತು ಅಂತಾರೆ, ಸಿಕ್ತು ಅಂತಾರೆ. ನಾನು ಕೇಳಿದ್ದನ್ನ ಬರೆದೆ.’

‘ಅವರು ಅನ್ನಲಿ ಸರ್. ಬರೆದೋರು ನೀವಲ್ವಾ?’

ಇದು ಅತಿಯಾಯಿತು ಅನಿಸಿತು. ‘ಸುಷ್ಮಾ, ವ್ಯಾಕರಣ ಪಾಠ ನಾಳೆ ನಿನ್ನ ಕ್ಲಾಸಲ್ಲಿ ಮಾಡ್ಕೊ. ಬೇರೆಯವರಿಗೂ ಟೈಮ್ ಬೇಕಲ್ಲ ಮಾರಾಯ್ತಿ’ ಅನ್ನುವ ಮಾತು ಬಾಯಿಂದ ಬಂತು. ಜನ ನಕ್ಕರು. ಅವಳ ಮುಖ ಚಿಕ್ಕದಾಯಿತು, ಕೂತಳು. ನಾನೇನೂ ಬೇಕಂತ ಅಂದದ್ದಲ್ಲ.

ವಾಪಸು ಬರುವಾಗ ಸಂಜೆಗತ್ತಲು. ಅವಳ ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅವಳನ್ನು ಕೂರಿಸಿದ ಬಾಯಲ್ಲೇ ನಾನು ರಾಯರನ್ನು ಕೇಳಿದೆ. ‘ಸರ್, ಅವಳಿಗೆ ನೀವು ಪೂರ್ತಿ ಉತ್ತರ ಕೊಡ್ಲಿಲ್ಲ. ಬೆಳ್ಳಿಗೌಡ ಒಳ್ಳೆಯವನಾ ಕೆಟ್ಟವನಾ, ನೀವು ಹೇಳಿ.’ ರಾಯರು ಕನ್ನಡಕ ತೆಗೆದು ಒರೆಸುತ್ತ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಸೈಕಲ್ಲು ಅಡ್ಡ ಬಂತು. ಶಬ್ದವಾಯಿತು. ಕಾರು ನಿಂತಿತು. ಇಳಿದು ನೋಡಿದರೆ ಒಬ್ಬಾತ ರಸ್ತೆಯ ಅಂಚಿನಲ್ಲಿ ಬಿದ್ದಿದ್ದ. ಪಕ್ಕದ ವರ್ಕ್‌ಶಾಪಿನವರು ಓಡಿ ಬಂದರು. ಅಲ್ಲೇ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುವ ಭೀಮೇಶ್ ಅಂತೆ. ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ತಂದರು. ತೊಡೆಯ ಮೂಳೆ ಮುರಿದಿದೆ, ತಲೆಗೂ ಪೆಟ್ಟು.

ಏನು ಗ್ರಹಚಾರವೋ. ಆಗುವುದು ಆಗಿಹೋಯಿತು.

ಜನವರಿ ೨೨, ಬುಧವಾರ

ಪೊಲೀಸ್ ಸ್ಟೇಷನ್ನಿಗೆ ಹೋಗಿ ಬಂದೆವು. ಹುಟ್ಟಿದ ಮೇಲೆ ಇದೇ ಮೊದಲು. ಇವರಿಗೆ ಅಲ್ಲೊಬ್ಬರು ಪರಿಚಯ, ಕುರ್ಚಿ ಕೊಟ್ಟು ಕೂರಿಸಿದರು. ನನ್ನ ಬಾಯಿಂದ ಒಂದೂ ಮಾತು ಸರಿಯಾಗಿ ಹೊರಡಲಿಲ್ಲ. ಎಲ್ಲವನ್ನೂ ರಾಯರೇ ಹೇಳಿದರು, ಪ್ರತ್ಯಕ್ಷ ಸಾಕ್ಷಿ ಅಂತ ಅವರ ಹೇಳಿಕೆಯನ್ನೇ ಬರೆದುಕೊಂಡರು.

ಆಹಾ, ಎಂಥಾ ಹೇಳಿಕೆ. ಸೈಕಲ್ ಸವಾರ ಎಡಬದಿಯಿಂದ ಏಕಾಏಕಿ ಬಲಕ್ಕೆ ತಿರುಗಿದನಂತೆ. ಹೆಗಲ ಮೇಲಿನ ಕೆಂಪು ಟವೆಲ್ಲು ಗಾಳಿಗೆ ಹಾರಿ ಅವನ ಮುಖಕ್ಕೇ ಬಡಿಯಿತಂತೆ. ಹ್ಯಾಂಡಲಿಗೆ ತೂಗಿದ್ದ ಬುತ್ತಿ ಡಬ್ಬಿ ಅತ್ತಿತ್ತ ಹೊಯ್ದಾಡುತ್ತಿತ್ತಂತೆ. ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ನಿಲ್ಲಿಸಿ, ‘ಎಷ್ಟ್ ಚೆನ್ನಾಗಿ ಹೇಳ್ತೀರ ಸಾರ್, ಕಣ್ಣಿಗೆ ಕಟ್ಟಿದ ಹಂಗಾಯ್ತು’ ಅಂದ. ನನಗೂ ಕಣ್ಣಿಗೆ ಕಟ್ಟಿತು. ಆ ಟವೆಲ್ಲು ನಾನೂ ನೋಡಿದ್ದೆ ಅಂತ ಈಗ ಅನಿಸುತ್ತಿದೆ.

ವಾಪಸು ಬರುವಾಗ ಇವರು, ‘ಮುಗೀತು ಬಿಡು ಜಗದಾ. ಅವನೇ ಅಡ್ಡ ಬಂದ ಅಂತ ಆಗಿದೆ. ನೀನು ಆಸ್ಪತ್ರೆ ಕಡೆ ತಲೆ ಹಾಕ್ಬೇಡ, ತಪ್ಪೊಪ್ಪಿಕೊಂಡ ಹಾಗಾಗುತ್ತೆ’ ಅಂದರು. ಸರಿ ಅಂದೆ. ಪಾಪ, ಇವರು ನನಗಾಗಿ ಎರಡು ದಿನದಿಂದ ಅಂಗಡಿ ಬಿಟ್ಟು ಓಡಾಡಿದ್ದಾರೆ.

ಜನವರಿ ೨೭, ಸೋಮವಾರ

ಮಕ್ಕಳಿಗೆ ಕರ್ತರಿ, ಕರ್ಮಣಿ ಪ್ರಯೋಗ ಹೇಳಿಕೊಟ್ಟೆ. ‘ಹುಡುಗನು ಹಣ್ಣನ್ನು ತಿಂದನು. ಹುಡುಗನಿಂದ ಹಣ್ಣು ತಿನ್ನಲ್ಪಟ್ಟಿತು.’ ವರ್ಷಾ ವರ್ಷ ಅದೇ ಹುಡುಗ, ಅದೇ ಹಣ್ಣು. ಸ್ವಂತ ವಾಕ್ಯ ಬರೆಯಿರಿ ಅಂದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ನನ್ನಿಂದ ಹೋಂವರ್ಕ್ ಮಾಡಲ್ಪಡಲಿಲ್ಲ’ ಅಂತ ಬರೆದಿದ್ದಳು. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಮರುಗಳಿಗೆಗೆ ಅವಳನ್ನು ನಿಲ್ಲಿಸಿ ಎಷ್ಟು ಬೈದೆ ಅಂದರೆ ಪಕ್ಕದ ತರಗತಿಯವರು ಬಂದು ನೋಡಿದರು. ಅಷ್ಟು ಸಿಟ್ಟು ಎಲ್ಲಿಂದ ಬಂತೋ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ವಿಚಾರಿಸುತ್ತಾರೆ. ಸೈಕಲ್ಲು ಬಂದು ಕಾರಿಗೆ ತಾಗಿತು ಅಂತ ಹೇಳುತ್ತೇನೆ. ‘ಈ ಸೈಕಲ್‌ನೋರು ಹಾಗೇ ಕಣ್ರೀ, ನೋಡೋದೇ ಇಲ್ಲ’ ಅನ್ನುತ್ತಾರೆ. ನನ್ನ ಮೇಲೆ ಎಲ್ಲರಿಗೂ ಎಷ್ಟು ಕರುಣೆ. ಯಾಕೋ ಅದೇ ತಡೆಯಲಾಗುತ್ತಿಲ್ಲ.

ಫೆಬ್ರವರಿ ೧, ಶನಿವಾರ

ಸುಷ್ಮಾ ಫೋನ್ ಮಾಡಿದಳು. ಅವತ್ತು ಹಾಗೆ ಬಾಯಿ ಮುಚ್ಚಿಸಿದ ಮೇಲೆ ಮಾತಾಡುವುದಿಲ್ಲ ಅಂದುಕೊಂಡಿದ್ದೆ. ಭೀಮೇಶನ ಮಗಳು ಅವಳ ತರಗತಿಯಲ್ಲೇ ಓದುತ್ತಾಳಂತೆ. ‘ಮೇಡಂ, ಅವರಪ್ಪನ್ನ ಮನೆಗೆ ಕಳಿಸಿದ್ದಾರೆ. ಕಾಲಿಗೆ ರಾಡ್ ಹಾಕಿದ್ದಾರೆ. ನಿಮಗೆ ತಿಳಿಸ್ಬೇಕು ಅನ್ನಿಸ್ತು’ ಅಂದಳು. ಬೇರೆ ಏನೂ ಕೇಳಲಿಲ್ಲ. ಕೇಳಬಹುದಿತ್ತು. ನಾನೇ ಮನೆ ಎಲ್ಲಿ ಅಂತ ಕೇಳಿದೆ.

ಫೆಬ್ರವರಿ ೨, ಭಾನುವಾರ

ಇವರಿಗೆ ತಂಗಿಯ ಮನೆಗೆ ಅಂತ ಹೇಳಿ, ಬಸ್ಸು ಹಿಡಿದು ಭದ್ರಾವತಿಗೆ ಹೋದೆ. ಕಾರು ರಿಪೇರಿಗೆ ಹೋಗಿದೆ, ಇದ್ದಿದ್ದರೂ ಮುಟ್ಟುತ್ತಿರಲಿಲ್ಲ. ಜನ್ನಾಪುರದಲ್ಲಿ ಮನೆ. ಸೇಬು, ಮೂಸಂಬಿ ತೆಗೆದುಕೊಂಡು ಹೋಗಿದ್ದೆ.

ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಭೀಮೇಶನ ಹೆಂಡತಿ ಶಾಂತಮ್ಮ ಬಾಗಿಲಲ್ಲೇ ಕೈಮುಗಿದಳು. ‘ದೊಡ್ಡೋರು ನೀವೇ ಬಂದ್ರಾ ಅಮ್ಮ. ನಿಮ್ಮ ಕಾರಿಗೂ ಪೆಟ್ಟಾಯ್ತಂತಲ್ಲ.’ ಕುರ್ಚಿ ಒರೆಸಿ ಹಾಕಿದಳು. ಭೀಮೇಶ ಮಂಚದ ಮೇಲಿಂದ ಏಳಲು ಹೋದ. ಬೇಡ ಬೇಡ ಅಂದೆ.

‘ನಂದೇ ತಪ್ಪಮ್ಮಾ,’ ಅಂದ. ‘ಅವತ್ತು ಏನಾಯ್ತು ಅಂತ ನಂಗೆ ಒಂದ್ ಚೂರೂ ನೆನಪಿಲ್ಲ. ನೈಟ್ ಶಿಫ್ಟಿಗೆ ಅಂತ ಮನೆ ಬಿಟ್ಟಿದ್ದು ನೆನಪಿದೆ, ಆಮೇಲೆ ಆಸ್ಪತ್ರೆನೇ. ಅಡ್ಡ ಬಂದೆ ಅಂತ ಎಲ್ಲರೂ ಹೇಳ್ತಾರೆ. ನೋಡಿದೋರೇ ಹೇಳಿದ್ಮೇಲೆ ಬಂದಿರ್ಬೇಕು. ದಿನಾ ಓಡಾಡೋ ರೋಡು, ಯಾಕೆ ಹಂಗೆ ಮಾಡಿದ್ನೋ. ತಲೆ ಕೆಟ್ಟಿತ್ತೇನೋ.’

‘ಓನರ್ರೂ ಅದೇ ಅಂದ್ರು,’ ಅಂದಳು ಶಾಂತಮ್ಮ. ‘ನೀನೇ ಹೋಗಿ ಬಿದ್ರೆ ನಾವೇನ್ ಮಾಡಕ್ಕಾಗುತ್ತೆ ಅಂತ. ಲಾಯರ್ ಹತ್ರ ಹೋದ್ರೆ, ಸಾಕ್ಷಿ ಹಿಂಗಿದ್ರೆ ಪರಿಹಾರ ಸಿಗೋದು ಕಷ್ಟ ಅಂದ್ರು. ಇನ್ಮೇಲೆ ಸೈಕಲ್ ಮುಟ್ಟಿದ್ರೆ ನನ್ನಾಣೆ ಅಂದಿದೀನಿ. ಮೈಮೇಲೆ ಎಚ್ಚರ ಇಲ್ದೋರು ಯಾಕ್ ತುಳೀಬೇಕು? ಮನೇಲಿ ವಯಸ್ಸಿಗೆ ಬಂದ ಮಗಳಿದಾಳೆ ಅಂತನಾದ್ರೂ ನೆನಪಿರ್ಬಾರ್ದಾ?’ ಅವಳು ಬೈಯುತ್ತಿದ್ದರೆ ಆತ ಗೋಡೆ ನೋಡುತ್ತಿದ್ದ. ದಿನಕ್ಕೆ ಎಷ್ಟು ಸಲ ಇದನ್ನು ಕೇಳುತ್ತಾನೋ.

ಏನಾದರೂ ಮಾತಾಡಬೇಕಲ್ಲ ಅಂತ, ‘ನಿಮ್ಮ ಟವೆಲ್ಲು ಸಿಕ್ತಾ?’ ಅಂತ ಕೇಳಿದೆ.

‘ಯಾವ ಟವೆಲ್ಲಮ್ಮ?’

‘ಕೆಂಪು ಟವೆಲ್ಲು. ಹೆಗಲ ಮೇಲಿತ್ತಲ್ಲ.’

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ‘ಇವ್ರು ಟವೆಲ್ಲು ಹಾಕೋರೇ ಅಲ್ಲ,’ ಅಂದಳು ಶಾಂತಮ್ಮ.

ಟೀ ಕೊಟ್ಟಳು. ಕುಡಿದೆ. ಹಣ್ಣು ಇಟ್ಟು ಎದ್ದು ಬಂದೆ. ಏನೋ ಹೇಳಬೇಕು ಅಂತಲೇ ಹೋಗಿದ್ದೆ, ಏನು ಅಂತ ನನಗೇ ಸ್ಪಷ್ಟವಿಲ್ಲ. ಕ್ಷಮೆ ಕೇಳಬೇಕಾದ ಜಾಗದಲ್ಲಿ ಅವರೇ ನನ್ನ ಕ್ಷಮೆ ಕೇಳಿದರೆ ಏನು ಮಾಡುವುದು? ಬಸ್ಸಿನಲ್ಲಿ ಮಾಚೇನಹಳ್ಳಿ ಬಂದಾಗ ಕಣ್ಣು ಮುಚ್ಚಿಕೊಂಡೆ.

ಫೆಬ್ರವರಿ ೩, ಸೋಮವಾರ

ಸ್ಕೂಲು ಬಿಟ್ಟ ಮೇಲೆ ಕೋಟೆಗೆ ಹೋದೆ. ರಾಯರು ಎರಡನೆಯ ಮುದ್ರಣದ ಕರಡು ತಿದ್ದುತ್ತ ಕೂತಿದ್ದರು. ಮುಂದಿನ ಭಾನುವಾರ ಅಲ್ಲೇ ಹತ್ತಿರದ ಸಭಾಂಗಣದಲ್ಲಿ ಮತ್ತೊಂದು ಚರ್ಚೆ ಇದೆ, ಅದಕ್ಕೆ ಬಂದಿದ್ದೇನೆ ಅಂದುಕೊಂಡರು.

‘ಸರ್, ಆ ಟವೆಲ್ಲು ನೀವು ನೋಡಿದ್ರಾ?’ ಅಂತ ಕೇಳಿದೆ.

ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ‘ಇತ್ತು ಅನ್ನಿಸ್ತು ತಾಯಿ. ಆ ಹೊತ್ತಲ್ಲಿ ಕೆಲಸ ಬಿಟ್ಟು ಹೋಗೋರು ಟವೆಲ್ಲು ಹಾಕಿರ್ತಾರಲ್ಲ.’

‘ಅಡ್ಡ ಬಂದದ್ದು?’

‘ಅದನ್ನ ನೀವೂ ನೋಡಿದ್ರಲ್ಲ.’

‘ನಾನು ನಿಮ್ಮ ಮುಖ ನೋಡ್ತಿದ್ದೆ ಸರ್. ಬೆಳ್ಳಿಗೌಡನ ವಿಷಯ ಏನು ಹೇಳ್ತೀರಿ ಅಂತ.’

ರಾಯರು ಮೆಲ್ಲಗೆ ಹೇಳಿದರು, ‘ನಾನು ನಿಮ್ಮ ಮುಖ ನೋಡ್ತಿದ್ದೆ.’

ಒಳಗೆ ಕುಕ್ಕರ್ ಕೂಗುತ್ತಿತ್ತು. ಹಾಗಾದರೆ ಕಾರು ಸೈಕಲ್ಲಿಗೆ ತಾಗಿದಾಗ ರಸ್ತೆ ನೋಡುತ್ತಿದ್ದವರು ಯಾರು? ಈ ಪ್ರಶ್ನೆಯನ್ನು ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ.

‘ನೀವು ನಡುಗ್ತಾ ನಿಂತಿದ್ರಿ. ಸುಮ್ನಿರೋಕಾಗಲಿಲ್ಲ, ಹೇಳ್ತಾ ಹೋದೆ. ಹೇಳ್ತಾ ಹೇಳ್ತಾ ನನಗೇ ನಿಜ ಅನ್ನಿಸ್ತು,’ ಅಂದರು. ‘ಈಗ ಬದಲಾಯಿಸೋಕೆ ಹೋದ್ರೆ ಇಬ್ಬರಿಗೂ ತೊಂದರೆ. ಆಗಿದ್ದು ಆಗಿದೆ.’

ಆಗಿದ್ದು ಆಗಿದೆ. ನಿಜವೇ. ಆದರೂ ಅವರ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ನನ್ನನ್ನು ಉಳಿಸಿದ ಮನುಷ್ಯ ಅವರು. ಸಿಟ್ಟು ಬರಬೇಕಾದದ್ದು ಯಾರ ಮೇಲೆ?

ಫೆಬ್ರವರಿ ೫, ಬುಧವಾರ

ಬೀನ್ಸ್ ಪಲ್ಯ ಸೀದುಹೋಯಿತು. ‘ಸೀದುಹೋಯ್ತಾ, ಸೀಯಿಸಿದ್ಯಾ?’ ಅಂತ ಇವರು ನಕ್ಕರು. ಸೌಟು ಎತ್ತಿ ಹಾಕಿ ಒಳಗೆ ಹೋಗಿ ಕೂತೆ. ಇವರು ಗಾಬರಿಯಾಗಿ ತಾವೇ ಮೊಸರನ್ನ ಕಲಸಿ ತಂದರು. ಅದನ್ನು ನೋಡಿ ಅಳು ಬಂತು. ನನಗೇನಾಗಿದೆಯೋ ತಿಳಿಯುತ್ತಿಲ್ಲ.

ಫೆಬ್ರವರಿ ೯, ಭಾನುವಾರ

ಸಭಾಂಗಣ ತುಂಬಿತ್ತು. ಸುಷ್ಮಾ ಭದ್ರಾವತಿಯಿಂದ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು. ಕೈ ಎತ್ತಲಿಲ್ಲ. ಎಲ್ಲರೂ ಮುಗಿಸಿದ ಮೇಲೆ ನಾನೇ, ‘ಸುಷ್ಮಾ, ಅವತ್ತು ನೀನು ಕೇಳಿದ್ದನ್ನ ಇನ್ನೊಂದ್ಸಲ ಕೇಳು’ ಅಂದೆ. ಅವಳು ನನ್ನನ್ನೇ ನೋಡಿದಳು, ಗೇಲಿ ಮಾಡುತ್ತಿದ್ದೇನೇನೋ ಅಂತ. ಆಮೇಲೆ ಎದ್ದು, ‘ಕಾಟಿಯನ್ನ ಕೊಂದೋರು ಯಾರು ಸರ್?’ ಅಂತ ಮಾತ್ರ ಕೇಳಿದಳು.

ರಾಯರು ಶಿಕಾರಿಯವರ ಮಾತು, ಕಾಡಿನ ಮುನಿಸು ಯಾವುದನ್ನೂ ಎತ್ತಲಿಲ್ಲ. ಲೋಟದ ನೀರು ಕುಡಿದು ನಿಧಾನಕ್ಕೆ ಹೇಳಿದರು.

‘ಹೊಸ ಮುದ್ರಣಕ್ಕೆ ತಿದ್ದಿ ನೋಡ್ದೆ ಅಮ್ಮ. ಕಾಟಿ ಬಿತ್ತು ಅನ್ನೋದನ್ನ ಹೊಡೆದು, ಬೆಳ್ಳಿಗೌಡ ಕಾಟಿಯನ್ನು ಕೊಂದ ಅಂತ ಬರೆದೆ. ಒಂದೇ ವಾಕ್ಯ. ಮುಂದಿನ ಪುಟದಲ್ಲಿ ಊರೋರೆಲ್ಲ ಸೇರಿ ಊಟಕ್ಕೆ ಕೂರ್ತಾರೆ ನೋಡಿ, ಬೆಳ್ಳಿಗೌಡನಿಗೆ ಮೊದಲ ಎಲೆ. ಕೊಂದ ಅಂತ ಬರೆದ ಮೇಲೆ ಅವನನ್ನ ಎಲೆ ಮುಂದೆ ಕೂರಿಸೋಕೆ ಆಗ್ಲೇ ಇಲ್ಲ. ಕೈ ಎಲೆ ಹತ್ರ ಹೋಗುತ್ತೆ, ತುತ್ತು ಎತ್ತಲ್ಲ. ನನಗೆ ಅವನು ಊಟ ಮಾಡ್ಬೇಕಿತ್ತು. ಅದಕ್ಕೇ ಬಿತ್ತು ಅಂತ ಬರೆದಿದ್ದೆ ಅಂತ ಕಾಣುತ್ತೆ.’

‘ಈಗ ಏನ್ ಮಾಡ್ತೀರ ಸರ್?’ ಅಂತ ಜ್ಞಾನೇಶ್ ಕೇಳಿದ. ‘ಕಥೆನೇ ಕೆಟ್ಟುಹೋಗಲ್ವಾ?’

‘ಗೊತ್ತಿಲ್ಲಪ್ಪ. ಮಾರಾಯ, ನಂಗೆ ನಿಜವಾಗ್ಲೂ ಗೊತ್ತಿಲ್ಲ.’

ಒಬ್ಬರು, ಹಾಗಾದರೆ ಬೇಟೆಗಾರರೆಲ್ಲ ಪಾಪಿಗಳಾ ಅಂತ ಜಗಳಕ್ಕೇ ನಿಂತರು. ಇನ್ನೊಬ್ಬರು, ಮಾಂಸ ತಿನ್ನದವರು ಈ ಪುಸ್ತಕ ಓದಿ ರುಚಿ ಸವಿಯಲಿಲ್ಲವೇ, ಅವರದೂ ಪಾಲು ಇಲ್ಲವೇ ಅಂದರು. ಗಲಾಟೆಯೋ ಗಲಾಟೆ. ಹೊತ್ತು ಮೀರಿದರೂ ನಿಲ್ಲಿಸಬೇಕು ಅಂತ ನನಗೆ ತೋಚಲೇ ಇಲ್ಲ. ಟೀ ತಣ್ಣಗಾಗಿ ಕೆನೆ ಕಟ್ಟಿತ್ತು.

ಮನೆಗೆ ಬಂದು ಇವರಿಗೆ ಬಡಿಸಿದೆ. ನನಗೆ ಹಸಿವಿರಲಿಲ್ಲ. ನಮ್ಮ ಕಾರು ಗುದ್ದಿದ್ದು ಮೂರು ವಾರದ ಹಿಂದೆ, ಅವತ್ತಿನಿಂದ ಹೊತ್ತುಹೊತ್ತಿಗೆ ಉಂಡಿದ್ದೇನೆ. ಇವತ್ತೇ ಯಾಕೆ ಹೀಗೆ.

ಫೆಬ್ರವರಿ ೧೦, ಸೋಮವಾರ

ಇವರಿಗೆ ಹೇಳಿದೆ. ಭದ್ರಾವತಿಗೆ ಹೋಗಿದ್ದು, ಟವೆಲ್ಲು, ರಾಯರ ಮುಖ, ಎಲ್ಲ. ಪರಮೇಶ್ವರಪ್ಪನವರು ಜೋರಾಗಿ ಮಾತಾಡುವವರಲ್ಲ. ಇವತ್ತು ಆಡಿದರು.

‘ನೀನು ಬೇಕಂತ ಮಾಡಿದ್ದಲ್ಲ ತಾನೇ?’

‘ಅಲ್ಲ.’

‘ಮತ್ತೆ? ಕೋರ್ಟು, ಕಚೇರಿ, ನಿನ್ನ ಲೈಸೆನ್ಸು, ನಿನ್ನ ನೌಕರಿ. ಇದೆಲ್ಲ ಯೋಚನೆ ಮಾಡಿದ್ಯಾ? ಅವನಿಗೆ ಏನಾದ್ರೂ ಸಹಾಯ ಮಾಡೋಣ, ನಾನು ಬೇಡ ಅಂದಿಲ್ಲ. ಹೇಳಿಕೆ ತಂಟೆಗೆ ಯಾಕೆ ಹೋಗ್ಬೇಕು?’

‘ಆತ ತನಗೆ ತಲೆ ಕೆಟ್ಟಿದೆ ಅಂದ್ಕೊಂಡಿದಾನೆ ರೀ. ಹೆಂಡತಿ ದಿನಾ ಬೈತಾಳೆ. ಅದಕ್ಕೆ ನಾವು ಏನು ಸಹಾಯ ಮಾಡೋದು?’

ಇವರು ಅಂಗಡಿಯ ಬೀಗದ ಕೈ ತೆಗೆದುಕೊಂಡು ಎದ್ದರು. ಅಂಗಡಿಗೆ ಹೋದವರು ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಇವರು ಹೇಳುವುದರಲ್ಲಿ ತಪ್ಪೇನಿದೆ ಅಂತ ಇಡೀ ದಿನ ಯೋಚಿಸಿದೆ. ಒಂದೂ ತಪ್ಪು ಸಿಗಲಿಲ್ಲ.

ಫೆಬ್ರವರಿ ೧೪, ಶುಕ್ರವಾರ

ಸ್ಟೇಷನ್ನಿಗೆ ಹೋದೆ. ರಾಯರಿಗೆ ಮೂರು ದಿನದಿಂದ ಫೋನ್ ಮಾಡಿದರೂ ಎತ್ತಿರಲಿಲ್ಲ. ಹೋಗ್ತಿದೀನಿ ಅಂತ ಮೆಸೇಜು ಮಾತ್ರ ಹಾಕಿದ್ದೆ.

ಅದೇ ಪೇದೆ ಇದ್ದ. ‘ಹೇಳಿಕೆ ಬದಲಾಯಿಸ್ಬೇಕು’ ಅಂದರೆ, ‘ಸುಮ್ನೆ ಯಾಕ್ ಮೇಡಂ, ಎಲ್ಲಾ ಸರಿಹೋಗಿದೆಯಲ್ಲ’ ಅಂದ. ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದ. ಕೊನೆಗೆ ಹಾಳೆ ತೆಗೆದ.

ನಾನು ಪಕ್ಕದಲ್ಲಿದ್ದವರ ಜೊತೆ ಮಾತಾಡುತ್ತ ಅವರ ಮುಖ ನೋಡುತ್ತಿದ್ದೆ. ರಸ್ತೆ ನೋಡುತ್ತಿರಲಿಲ್ಲ. ಕಾರನ್ನು ಎಡಕ್ಕೆ ಎಳೆದೆ. ಅಂಚಿನಲ್ಲಿ ಹೋಗುತ್ತಿದ್ದ ಸೈಕಲ್ಲಿಗೆ ಹಿಂದಿನಿಂದ ಗುದ್ದಿದೆ. ಇಷ್ಟೇ ಹೇಳಿದ್ದು. ಸ್ಟೇಷನ್ನಿನ ಹಿತ್ತಲಲ್ಲಿ ಆತನ ಸೈಕಲ್ಲು ಇನ್ನೂ ಒರಗಿದೆ. ಹಿಂದಿನ ಚಕ್ರ ಮಡಿಚಿಹೋಗಿದೆ, ಮುಂದಿನದಕ್ಕೆ ಏನೂ ಆಗಿಲ್ಲ. ಅದನ್ನು ಯಾರೂ ತಿರುಗಿ ನೋಡಿಯೇ ಇರಲಿಲ್ಲ. ಪೇದೆಗೆ ತೋರಿಸಿದೆ.

ಸಹಿ ಹಾಕುವಷ್ಟರಲ್ಲಿ ರಾಯರು ಆಟೋದಿಂದ ಇಳಿದರು. ಒಳಗೆ ಬರಲು ಎಷ್ಟೋ ಹೊತ್ತು ತೆಗೆದುಕೊಂಡರು. ಬಂದವರು ಕೂರಲೂ ಇಲ್ಲ, ‘ನಾನು ಏನೂ ನೋಡಿಲ್ಲ ಅಂತ ಬರ್ಕೊಳ್ಳಿ’ ಅಂದರು.

‘ಅಷ್ಟ್ ಚೆನ್ನಾಗಿ ಹೇಳಿದ್ರಲ್ಲ ಸಾರ್,’ ಅಂದ ಪೇದೆ. ಅವನಿಗೆ ನಿಜಕ್ಕೂ ಬೇಜಾರಾಗಿತ್ತು.

ಮುಂದೆ ಕೇಸು ಏನಾಗುತ್ತದೋ ತಿಳಿಯದು. ಇವರು ಮಾತು ಬಿಟ್ಟಿದ್ದಾರೆ. ಹಗುರವಾಗುತ್ತದೆ ಅಂದುಕೊಂಡಿದ್ದೆ, ಹಾಗೇನೂ ಇಲ್ಲ.

ಫೆಬ್ರವರಿ ೧೫, ಶನಿವಾರ

ಬೆಳಗಿನ ಸ್ಕೂಲು ಮುಗಿಸಿ ಭದ್ರಾವತಿಗೆ ಹೋದೆ. ಈ ಸಲ ಹಣ್ಣು ಒಯ್ಯಲಿಲ್ಲ. ಶಾಂತಮ್ಮ ಅದೇ ಕುರ್ಚಿ ಹಾಕಿದಳು. ಟೀಗೆ ಇಡಲು ಹೊರಟವಳನ್ನು ತಡೆದು ಕೂರಿಸಿದೆ. ಭೀಮೇಶ ಗೋಡೆಗೆ ಒರಗಿ ಕೂತಿದ್ದ.

‘ನೀವು ಅಡ್ಡ ಬರ್ಲಿಲ್ಲ,’ ಅಂದೆ. ‘ನಾನು ರಸ್ತೆ ನೋಡ್ತಿರ್ಲಿಲ್ಲ. ಹಿಂದಿನಿಂದ ಬಂದು ಗುದ್ದಿದೆ.’

ಆತ ನಕ್ಕ. ‘ಇರ್ಲಿ ಬಿಡಿ ಅಮ್ಮ. ನಮ್ಮ ಸಮಾಧಾನಕ್ಕೆ ಅಂತ ನೀವು ಹಂಗೆ ಹೇಳ್ತಿದೀರ. ದೊಡ್ಡ ಮನಸ್ಸು ನಿಮ್ದು.’

ಇದಕ್ಕೆ ನಾನು ತಯಾರಿರಲಿಲ್ಲ. ಸಮಾಧಾನಕ್ಕಲ್ಲ ಅಂದೆ. ನಿನ್ನೆ ಸ್ಟೇಷನ್ನಿನಲ್ಲಿ ಬರೆಸಿದ್ದು ಹೇಳಿದೆ. ಸಾಕ್ಷಿ ಹೇಳಿದವರು ನೋಡಿಯೇ ಇರಲಿಲ್ಲ ಅಂದೆ. ಕೊನೆಗೆ ಹಿಂದಿನ ಚಕ್ರದ ವಿಷಯ ಹೇಳಿದೆ. ಆಗ ಆತನ ನಗು ನಿಂತಿತು. ಇಪ್ಪತ್ತು ವರ್ಷ ಸೈಕಲ್ ತುಳಿದವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

‘ಮುಂದಿನ ಚಕ್ರಕ್ಕೆ ಏನೂ ಆಗಿಲ್ವಾ?’

‘ಇಲ್ಲ.’

‘ಹಂಗಾದ್ರೆ ನಾನು ಎಡಗಡೆಗೇ ಹೋಗ್ತಿದ್ದೆ.’

‘ಹೌದು.’

ಹೆಂಡತಿಯ ಕಡೆ ತಿರುಗಿದ. ‘ಕೇಳ್ದೇನೇ? ಎಡಗಡೆಗೇ ಹೋಗ್ತಿದ್ದೆ ನಾನು. ನನ್ನ ತಲೆ ಸರಿಯಾಗೇ ಇತ್ತು.’ ಆತನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಶಾಂತಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಆತನ ರಾಡ್ ಹಾಕಿದ ಕಾಲಿನ ಮೇಲೆ ಒಂದು ಕೈ ಇಟ್ಟಳು. ಆಮೇಲೆ ನನ್ನನ್ನು ನೋಡಿದಳು.

‘ಇದು ನಿಮ್ಗೆ ಅವತ್ತೇ ಗೊತ್ತಿತ್ತಾ?’

ಗೊತ್ತಿತ್ತಾ? ಬಸ್ಸಿನುದ್ದಕ್ಕೂ ನನ್ನನ್ನು ನಾನೇ ಕೇಳಿಕೊಂಡ ಪ್ರಶ್ನೆ ಅದು. ‘ಗೊತ್ತಿತ್ತು,’ ಅಂದೆ.

‘ಇಷ್ಟ್ ದಿನ ಇವ್ರನ್ನ ನಾನು ಬೈಬಾರದ ಮಾತೆಲ್ಲ ಬೈದಿದೀನಿ. ನಮ್ಮನೇಲಿ ಕೂತು ನೀವು ಅದನ್ನ ಕೇಳಿದ್ರಿ. ಟೀ ಕುಡಿದ್ರಿ.’ ದನಿ ಏರಿಸಲಿಲ್ಲ ಅವಳು. ‘ಎದ್ದು ಹೋಗಿ.’

ಎದ್ದೆ. ಭೀಮೇಶನಾದರೂ ಏನಾದರೂ ಅಂದಾನು ಅಂತ ಒಂದು ಕ್ಷಣ ನಿಂತೆ. ಆತ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಕಿಟಕಿಯ ಸರಳು ಹಿಡಿದು ಮೈ ಎತ್ತಿಕೊಂಡು, ಹೊರಗೆ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯವರನ್ನು ಕರೆಯುತ್ತಿದ್ದ. ನಾನು ಚಪ್ಪಲಿ ಮೆಟ್ಟಿ ಬೀದಿಯ ತಿರುವು ದಾಟುವವರೆಗೂ ಆತ ಹೇಳುತ್ತಲೇ ಇದ್ದ. ‘ಅಕ್ಕಾ, ಇಲ್ಲಿ ಕೇಳಿ. ನಾನು ಅಡ್ಡ ಹೋಗಿರ್ಲಿಲ್ಲ.’